ಕಿವಿರಾಯನ ಕಿಡಿ ಡಬ್ಬಿ

ಜಗಳಕ್ಕೆ ಕಾರಣ ಅಂಗೈಯಗಲದ ಒಂದು ಕರಿ ಡಬ್ಬಿ. ಇಗ್ನಿಷನ್ ಮಾಡ್ಯೂಲ್ ಅಂತ ಅದರ ಹೆಸರು. ರೇಸ್ ದೋಣಿಯ ಎಂಜಿನ್ನಿಗೆ ಕಿಡಿ ಕೊಡುವುದು ಅದರ ಕೆಲಸ. ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮೊದಲೇ ಕಿಡಿ ಹಾರಬೇಕು ಅನ್ನುವುದೇ ಟೈಮಿಂಗ್. ಅತಿಯಾದರೆ ಪಿಸ್ಟನ್ ಗೋವಿಂದ, ಕಮ್ಮಿಯಾದರೆ ದೋಣಿ ನೀರಿಗಿಳಿದ ಎಮ್ಮೆ.

ನಮ್ಮ ಮೆಕ್ಯಾನಿಕ್ ಎಂಜಿನ್ ಸದ್ದು ಕೇಳಿಯೇ ಟೈಮಿಂಗ್ ಇಡುತ್ತಿದ್ದ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಕಿವಿರಾಯ. ಹೊಸ ಡಬ್ಬಿ ತಂದವನು ಅವನ ಹೆಂಡತಿಯ ತಮ್ಮ, ಟೀವಿ ರಿಪೇರಿಯವನು.

“ಭಾವ, ಇದರ ಗುಂಡೀನ ಮೂವತ್ತಕ್ಕೆ ತಿರುಗಿಸಿದ್ರೆ ಮುಗೀತು. ಆ ಹಳೇ ಡಬ್ಬಿ ಎಸೀರಿ.”

“ಮೂವತ್ತಾ? ಇಪ್ಪತ್ತಾರೇ ಸರಿ,” ಅಂದ ಪಕ್ಕದ ಕ್ಷೌರದಂಗಡಿಯವನು. ಅವನ ಕುರ್ಚಿಯಲ್ಲಿ ಎಲ್ಲರೂ ತಲೆ ಬಗ್ಗಿಸುತ್ತಾರಾದ್ದರಿಂದ ಅವನಿಗೆ ತಿಳಿಯದ ವಿಷಯವೇ ಇರಲಿಲ್ಲ.

ಕಿವಿರಾಯನ ಅತ್ತೆಗೆ ಮಾತ್ರ ಈ ಡಿಗ್ರಿಗಳ ಗೊಡವೆಯಿರಲಿಲ್ಲ. ಧೂಳು ಕಂಡರಾಗದ ಜೀವ. ಶೆಡ್ಡಿನ ಬಾಗಿಲಲ್ಲಿ ನಿಂತು ಒರೆಸುವ ಬಟ್ಟೆ ಹಿಂಡುತ್ತಿದ್ದರು.

ಕಿವಿರಾಯ ಸ್ಪ್ಯಾನರ್ ಕುಕ್ಕಿದ. “ಇಪ್ಪತ್ತು ವರ್ಷದಿಂದ ಎಂಜಿನ್ ಕಟ್ತಿರೋನು ನಾನು. ಇವತ್ತಿನ ರೇಸಲ್ಲಿ ಯಾರಿಟ್ಟ ಟೈಮಿಂಗಿಂದ ದೋಣಿ ಗೆಲ್ಲುತ್ತೋ, ನಾಳೆಯಿಂದ ಎಂಜಿನ್ ಅವರದ್ದು. ಮಿಕ್ಕವರು ಈ ಶೆಡ್ಡಿಗೆ ಕಾಲಿಡೋ ಹಾಗಿಲ್ಲ. ಗೊತ್ತಾಯ್ತಾ?”

ಅಂದುಬಿಟ್ಟ. ಆ ಎಂಜಿನ್ ಕೈತಪ್ಪಿದರೆ ಬೆಳಗಾದರೆ ಯಾಕೆ ಏಳಬೇಕು ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ.

ಅದಕ್ಕೇ ಒಂದು ಉಪಾಯ ಹೂಡಿದ. ಹೊಸ ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಎಂಜಿನ್ ಮೇಲೆ ಕೂರಿಸಿದ. ಅದರ ವೈರನ್ನು ಮಾತ್ರ ಎಲ್ಲಿಗೂ ಸಿಗಿಸಲಿಲ್ಲ. ಕೆಲಸ ಮಾಡುವ ಹಳೆಯದನ್ನು ಕೆಳಗೆ ಮರೆಯಲ್ಲಿಟ್ಟು, ಕಿವಿಗೊಟ್ಟು, ಇಪ್ಪತ್ತೆಂಟಕ್ಕೆ ಬಿಗಿದ. ಊಟಕ್ಕೆ ಹೊರಟವನಂತೆ ನಟಿಸಿ ಕಿಟಕಿಯಲ್ಲಿ ಇಣುಕಿದ.

ಅಂದುಕೊಂಡಂತೆಯೇ ಆಯಿತು. ಮೈದುನ ಬೆಕ್ಕಿನಂತೆ ಬಂದು ಗುಂಡಿಯನ್ನು ಮೂವತ್ತಕ್ಕೆ ತಿರುಗಿಸಿದ. ಅವನು ಹೋದದ್ದೇ ಕ್ಷೌರದವನು ಬಂದು ಇಪ್ಪತ್ತಾರಕ್ಕೆ ಎಳೆದ. ಮೈದುನ ಮತ್ತೆ ಬಂದ. ಕಿವಿರಾಯ ಬಾಯಿಗೆ ಟವೆಲ್ ತುರುಕಿಕೊಂಡು ನಕ್ಕು, ನಿಜಕ್ಕೂ ಊಟಕ್ಕೆ ಹೋದ.

ಸಂಜೆ ದೋಣಿ ಸ್ಟಾರ್ಟಾದಾಗ ಕಣ್ಣು ಮುಚ್ಚಿ ಕೇಳಿದ. ‘ಆಹಾ, ನನ್ನ ಇಪ್ಪತ್ತೆಂಟು,’ ಅಂದುಕೊಂಡ. ದೋಣಿ ಎಲ್ಲರನ್ನೂ ಹಿಂದೆ ಹಾಕಿ ಗೆದ್ದಿತು.

“ನನ್ನ ಮೂವತ್ತು,” ಅಂದ ಮೈದುನ.

“ಸುಮ್ನಿರೋ. ಕೊನೇಗೆ ಇಪ್ಪತ್ತಾರಕ್ಕಿಟ್ಟೋನು ನಾನು,” ಅಂದ ಕ್ಷೌರದವನು.

ಕಿವಿರಾಯ ಸೊಂಟದ ಮೇಲೆ ಕೈಯಿಟ್ಟ. “ಆ ಡಬ್ಬಿಗೆ ವೈರೇ ಸಿಗಿಸಿಲ್ಲ ಕಣ್ರಯ್ಯಾ. ಬನ್ನಿ, ಕಣ್ಣಾರೆ ನೋಡಿ.” ಜನರೆಲ್ಲ ನೋಡುವಂತೆ ಎಂಜಿನ್ನಿನ ಮುಚ್ಚಳ ಎತ್ತಿದ.

ಹೊಸ ಡಬ್ಬಿಯ ವೈರು ಅಚ್ಚುಕಟ್ಟಾಗಿ ಎಂಜಿನ್ನಿಗೆ ಸೇರಿಕೊಂಡಿತ್ತು. ಹಳೆಯದರದ್ದು ಜೋತಾಡುತ್ತಿತ್ತು. ಗುಂಡಿ ಮೂವತ್ತಮೂರರಲ್ಲಿ ನಿಂತಿತ್ತು.

“ನಾನೇ ಅಳಿಯಂದ್ರೇ,” ಅಂದರು ಅತ್ತೆ. “ನೀವು ಉಣ್ಣೋವಾಗ ಧೂಳು ಒರೆಸೋಕೆ ಹೋಗಿದ್ದೆ. ಹೊಸದರ ವೈರು ನೇತಾಡ್ತಿತ್ತು, ಹಳೇ ಕೊಳಕು ವೈರು ಕಿತ್ತು ಇದನ್ನ ಸಿಗಿಸ್ದೆ. ಒರೆಸೋವಾಗ ಗುಂಡೀನೂ ಒಂಚೂರು ತಿರುಗ್ತು. ತಪ್ಪಾಯ್ತಾ?”

ಕಿವಿರಾಯ ಎತ್ತಿದ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ.

ಮರುದಿನ ಬೆಳಿಗ್ಗೆ ಕಿವಿರಾಯ ಎದೆ ಸೆಟೆಸಿ ಶೆಡ್ಡಿನ ಬಾಗಿಲಿಗೆ ಬಂದ. “ಯಾರೇನೇ ಅನ್ಲಿ, ಇಪ್ಪತ್ತೆಂಟೇ ಸರಿ,” ಅಂದ.

ಒಳಗಿಂದ ಅತ್ತೆಯ ದನಿ ಬಂತು. “ಇರಬಹುದು ಅಳಿಯಂದ್ರೇ. ಒಳಗೆ ಮಾತ್ರ ಕಾಲಿಡ್ಬೇಡಿ, ಈಗಷ್ಟೇ ನೆಲ ಒರೆಸಿದೀನಿ.”