ನಾದಿನಿಯ ಗೋಡೆಯ ಮೇಲಿನ ಕೊಲೆ

ನನ್ನ ನಾದಿನಿಯ ಮನೆಯಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡವರನ್ನು ನಾನಂತೂ ಕಂಡಿಲ್ಲ! ಅಡುಗೆ ಕೆಟ್ಟದೆಂದಲ್ಲ, ಮೀನು ಗಸಿ ಅವಳ ಕೈಯದ್ದೇ ಆಗಬೇಕು. ಆದರೆ ಊಟದ ಮೇಜಿನ ಎದುರಿಗೇ ಕೊಲೆ ನಡೆಯುತ್ತಿದ್ದರೆ ಅನ್ನ ಇಳಿಯುವುದು ಹೇಗೆ?

ಬ್ಯಾಂಕಿನಿಂದ ನಿವೃತ್ತರಾದ ಹೆಂಗಸರು ಬಳೆ ಮಾಡಿಸುತ್ತಾರೆ, ಕಾಶಿಗೆ ಹೋಗುತ್ತಾರೆ. ಇವಳು ಕೊಚ್ಚಿಯ ಹಳೇ ಸಾಮಾನಿನ ಅಂಗಡಿಗೆ ಹೋಗಿ ಕಿಟಕಿಯಷ್ಟು ದೊಡ್ಡ ಚಿತ್ರ ಹೊತ್ತು ತಂದಳು! ನಾನೂರು ವರ್ಷದ ಹಿಂದೆ ಇಟಲಿಯಲ್ಲಿ ಬರೆದದ್ದರ ನಕಲಂತೆ. ಸುತ್ತ ಕಗ್ಗತ್ತಲು, ನಡುವೆ ಕರೆಂಟು ಹೋದಾಗ ಟಾರ್ಚು ಬಿಟ್ಟ ಹಾಗೆ ಬೆಳಕು. ಆ ಬೆಳಕಿನಲ್ಲಿ ಒಬ್ಬಳು ಅಂಗಿಯ ತೋಳು ಮೇಲೇರಿಸಿ ಗಂಡಸಿನ ಕುತ್ತಿಗೆ ಕೊಯ್ಯುತ್ತಿದ್ದಾಳೆ! ಪಕ್ಕದಲ್ಲಿ ಸುಕ್ಕು ಮೋರೆಯ ಮುದುಕಿಯೊಬ್ಬಳು, ತಿರುವನಂತಪುರದ ನಮ್ಮ ಚಾಲೈ ಪೇಟೆಯಲ್ಲಿ ಸುವರ್ಣಗಡ್ಡೆ ತೂಗಲು ಕಾಯುವವಳ ಹಾಗೆ, ಚೀಲ ಅಗಲಿಸಿ ನಿಂತಿದ್ದಾಳೆ.

"ಎಂತ ಮಾರಾಯ್ತಿ ಇದು?"

"ಬೈಬಲಿನ ಕಥೆ ಅತ್ತಿಗೆ. ಊರಿಗೆ ಮುತ್ತಿಗೆ ಹಾಕಿದ ಸೇನಾಪತಿ ಇವ. ಈ ವಿಧವೆ ಅವನ ಡೇರೆಗೇ ಹೋಗಿ, ಅವ ಕುಡಿದು ಬಿದ್ದಾಗ ತಲೆ ತೆಗೆದ್ಲು. ಕೆಲಸದ ಮುದುಕಿ ಬುತ್ತಿ ಚೀಲಕ್ಕೆ ತುಂಬಿಸಿದ್ಲು. ಊರು ಉಳಿಯಿತು!"

"ಬುತ್ತಿ ಚೀಲಕ್ಕಾ? ಆಮೇಲೆ ಚೀಲ ತೊಳೆದ್ಲಾ?"

"ಅದು ಬೈಬಲಿನಲ್ಲಿ ಇಲ್ಲ."

"ಹೆಂಗಸರು ಬರೆದಿದ್ರೆ ಇರ್ತಿತ್ತು!"

ಹೋದ ತಿಂಗಳು ಅವಳು ಬಚ್ಚಲಲ್ಲಿ ಜಾರಿದಳು. ಈಗ ಕೋಲಿಲ್ಲದೆ ನಡೆಯಲಾರಳು. ಕೊಚ್ಚಿಯ ಹತ್ತಿರದ ತ್ರಿಪ್ಪುಣಿತ್ತುರದಲ್ಲಿ ಇನ್ನು ಒಂಟಿಯಾಗಿ ಬಿಟ್ಟರೆ ಒಂದು ದಿನ ಬಚ್ಚಲಲ್ಲೇ ಮುಗಿಯುತ್ತಾಳೆ ಎಂದು ನಮ್ಮ ಮನೆಗೆ ಕರೆದೊಯ್ಯಲು ಹೋದೆ.

"ಬರ್ತೇನೆ. ಚಿತ್ರವೂ ಬರ್ತದೆ."

ಬಸುರಿ ಸೊಸೆ ಫೋನಿನಲ್ಲೇ ಕೂಗಿದಳು: "ಅವರು ಬರ್ಲಿ ಅತ್ತೆ, ಕೊಲೆ ಬೇಡ!"

"ಹಾಗಾದ್ರೆ ನಾನೂ ಇಲ್ಲ" ಎಂದು ನಾದಿನಿ ಕೋಲು ಮೂಲೆಗೆ ಎಸೆದಳು.

ನನಗೆ ಪಿತ್ತ ನೆತ್ತಿಗೇರಿತು. "ಕತ್ತಿ ಹಿಡಿದ ಆ ಮಾರಿ ನಿನಗೆ ನನಗಿಂತ ಹೆಚ್ಚಾ?"

"ಅವಳನ್ನು ಯಾರು ನೋಡ್ತಾರೆ ಅತ್ತಿಗೆ? ಊಟ ಮಾಡುವಾಗ ನಾನು ನೋಡುದು ಮುದುಕಿಯನ್ನು. ಗಂಡ ಅಂತ ಇದ್ದ ಆ ಕುಡುಕನ ಮನೆ ಬಿಟ್ಟು ನಾನು ಹೊರಟ ದಿನ ಅಂಗಳ ತುಂಬ ಜನ. ಅಣ್ಣ ಸಹ ತಲೆ ತಗ್ಗಿಸಿದ್ದ. ನನ್ನ ಹಿಂದೆ ಚೀಲ ಹಿಡಿದು ಬಂದದ್ದು ನೀವೊಬ್ಬರೇ."

ನಾನು ಚಿತ್ರವನ್ನು ಇನ್ನೊಮ್ಮೆ ನೋಡಿದೆ. "ಅಷ್ಟು ಸುಕ್ಕಾ ನನ್ನ ಮೋರೆ?"

ಆ ದಿನ ನಾನೇನೂ ಯೋಚಿಸಿರಲಿಲ್ಲ. ಅವಳ ನಾಲ್ಕು ಸೀರೆ, ಒಂದು ಕುಕ್ಕರು. ಚೀಲ ಭಾರವಿತ್ತು, ಹಿಡಿದೆ. ಅಷ್ಟೆ.

ಚಿತ್ರಕ್ಕೆ ಬೆಡ್‌ಶೀಟು ಸುತ್ತಿ ರೈಲು ಹತ್ತಿದೆವು. ದಾರಿಯಲ್ಲಿ ಬೆಡ್‌ಶೀಟು ಜಾರಿತು ನೋಡಿ, ಎದುರು ಸೀಟಿನವರೆಲ್ಲ ಕುತ್ತಿಗೆ ಸವರಿಕೊಂಡು ಎದ್ದು ಹೋದರು! ತಿರುವನಂತಪುರದವರೆಗೆ ಇಬ್ಬರೂ ಕಾಲು ಚಾಚಿ ಕುಳಿತು ಬಂದೆವು.

ಈಗ ಚಿತ್ರ ನಮ್ಮ ಊಟದ ಮೇಜಿನ ಎದುರಿದೆ. ಸೊಸೆಯ ಹೆರಿಗೆಯಾಗುವ ತನಕ ಕೊಲೆಯ ಭಾಗಕ್ಕೆ ಅದೇ ಬೆಡ್‌ಶೀಟು. ಮುದುಕಿ ಮತ್ತು ಅವಳ ಚೀಲ ಮಾತ್ರ ಹೊರಗೆ. ನಾದಿನಿ ಅವಳನ್ನು ನೋಡುತ್ತ ಉಣ್ಣುತ್ತಾಳೆ, ಆಮೇಲೆ ನನ್ನ ಕಡೆ ಬಟ್ಟಲು ಚಾಚುತ್ತಾಳೆ.

ಎರಡನೇ ಸಲ ಅನ್ನಕ್ಕೆ.