ಮೌಶಿ ತುಂಬಿದ ಸೊನ್ನೆಗಳು

ನಮ್ಮ ಮೌಶಿಯ ಮನೆಯಲ್ಲಿ ನೀರು ಕುಡಿಯಬೇಕೆಂದರೆ ಕಾಲು ಗಂಟೆ ಮೊದಲೇ ಬಾಯಾರಿಸಿಕೊಂಡು ಹೋಗಬೇಕು! ಮೌಶಿ ಎಂದರೆ ನನ್ನ ಅವ್ವನ ತಂಗಿ. ಬೆಳಗಾವಿಯ ರಾಮತೀರ್ಥ ನಗರದಲ್ಲಿ ಮನೆ. ಕಪಾಟಿನಲ್ಲಿ ಲೋಟಗಳು ಫಳಫಳ ಹೊಳೆಯುತ್ತಿರುತ್ತವೆ. ಆದರೂ ಒಂದನ್ನು ತೆಗೆದು, ಬೆಳಕಿಗೆ ಹಿಡಿದು, ತೊಳೆದು, ಒರೆಸಿ, ಮತ್ತೆ ಬೆಳಕಿಗೆ ಹಿಡಿದೇ ನೀರು ಹಾಕುವುದು. ಅಷ್ಟರಲ್ಲಿ ಬಂದವರ ಬಾಯಾರಿಕೆ ತಾನಾಗಿಯೇ ಹೋಗಿರುತ್ತದೆ.

ಇದು ಮಡಿಯಲ್ಲ, ಸಿ ಭಾಷೆ! ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಸಿ ಪ್ರೋಗ್ರಾಮಿಂಗ್ ಕಲಿಸಿದವಳು. ಕಂಪ್ಯೂಟರಿನಿಂದ ಮೆಮರಿಯ ಜಾಗ ಪಡೆಯುವುದೆಂದರೆ ಬಾಡಿಗೆ ಮನೆ ಹಿಡಿದ ಹಾಗೆ, ಹಿಂದಿನವರು ಏನೇನು ಬಿಟ್ಟು ಹೋಗಿದ್ದಾರೋ ತಿಳಿಯದು, ಅದಕ್ಕೇ ಮೊದಲು ಪೂರ್ತಿ ಸೊನ್ನೆ ತುಂಬಬೇಕು ಎಂಬುದು ಅವಳ ಮೊದಲ ಪಾಠ. ಎಲ್ಲಿಂದ ತುಂಬುವುದು, ಏನು ತುಂಬುವುದು, ಎಷ್ಟು ತುಂಬುವುದು ಎಂದು ಹೇಳದೆ ಮುಂದಡಿ ಇಡುವಂತಿಲ್ಲ. ಒಂದು ಬೈಟ್ ಹೆಚ್ಚಾದರೂ ಪಕ್ಕದವರ ಜಾಗ ಹಾಳು. ಚಹಾ ಬಗ್ಗಿಸುವಾಗಲೂ ಇದೇ ಕಟ್ಟುನಿಟ್ಟು. ಕಪ್ಪಿನಿಂದ ಬಸಿಗೆ ಒಂದು ಹನಿ ತುಳುಕಿದರೆ ಬಸಿಯೇ ಬದಲು! ಅಂಗಳದ ರಂಗೋಲಿ ಬಾಜೂ ಮನೆಯವರ ಗಡಿ ದಾಟಬಾರದೆಂದು ಮೊದಲು ಟೇಪು ಹಿಡಿದು ಅಳೆಯುತ್ತಾಳೆ. ಇವಳೇನೋ ಜಾಗದ ತಕರಾರು ತೆಗೆಯುತ್ತಾಳೆಂದು ಹೆದರಿ ಬಾಜೂ ಮನೆಯವರು ಸರ್ವೆಯನ್ನೇ ಮಾಡಿಸಿಬಿಟ್ಟರು.

ನಾನೂ ಅವಳ ಕ್ಲಾಸಿನಲ್ಲಿ ಕೂತವಳೇ. ಒಮ್ಮೆ ಪರೀಕ್ಷೆಯಲ್ಲಿ, ಸೊನ್ನೆ ತುಂಬಬೇಕಾದ ಜಾಗದ ಅಳತೆ ಕೊಡುವ ಬದಲು ಆ ಜಾಗದ ವಿಳಾಸದ ಅಳತೆ ಕೊಟ್ಟುಬಿಟ್ಟೆ. ಇಡೀ ಕ್ಲಾಸಿನ ಮುಂದೆ ನಿಲ್ಲಿಸಿ ಹೇಳಿದಳು: “ಮನಿಗೆ ಸುಣ್ಣ ಹಚ್ಚಿ ಬಾ ಅಂದ್ರ, ವಿಳಾಸದ ಚೀಟಿ ಅಳದು, ಗ್ವಾಡಿಗೆ ಅಷ್ಟ ಹಚ್ಚಿ ಬಂದಾಳ ನೋಡ್ರಿ ಈಕಿ.” ಅಕ್ಕನ ಮಗಳೆಂಬ ದಾಕ್ಷಿಣ್ಯವಾದರೂ ಬೇಡವೇ? ನನ್ನ ಉತ್ತರಪತ್ರಿಕೆಯಲ್ಲೂ ಸೊನ್ನೆಯನ್ನೇ ತುಂಬಿದಳು.

ಮೌಶಿಗೆ ಮಕ್ಕಳಿಲ್ಲ. ಯಜಮಾನರು ತೀರಿಕೊಂಡ ಮೇಲೆ, ಖಾನಾಪುರಕ್ಕೆ ಬಂದು ನಮ್ಮ ಜೊತೆ ಇರು ಎಂದು ಕರೆದೆವು. ಆರಾಮಾಗಿದ್ದೇನೆ, ಚಿಂತೆ ಬೇಡ ಎಂದಳು. ಪ್ರತಿ ಭಾನುವಾರದ ಫೋನಿನಲ್ಲೂ ಅದೇ ಮಾತು. ನಾವು ಹೇಳಿ ಹೋದಾಗಲೆಲ್ಲ ಮನೆ ಚೊಕ್ಕ, ನಾಲ್ಕು ಬಗೆಯ ಅಡುಗೆ. ನಂಬಿದೆವು. ನಿಜ ಹೇಳಬೇಕೆಂದರೆ, ನಂಬುವುದು ನಮಗೂ ಅನುಕೂಲವಾಗಿತ್ತು.

ಕಳೆದ ವರ್ಷ ಒಂದು ಮಧ್ಯಾಹ್ನ ಗೆಳತಿಯನ್ನು ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬಿಟ್ಟು ಮರಳುವಾಗ, ಹೇಳದೆ ಕೇಳದೆ ಮೌಶಿಯ ಮನೆಗೆ ಹೋದೆ. ಬಾಗಿಲು ತೆರೆದವಳ ತಲೆ ಬಾಚಿರಲಿಲ್ಲ. ಕೈಯಲ್ಲಿ ಚುರುಮುರಿಯ ಪೊಟ್ಟಣ. ಅದೇ ಊಟ! ಅಡುಗೆಮನೆಯಲ್ಲಿ ಒಲೆಯ ಮೇಲೆ ಧೂಳು. ಪಕ್ಕದಲ್ಲಿ ಒಂದೇ ಒಂದು ಲೋಟ, ತಳದಲ್ಲಿ ಒಣಗಿದ ಚಹಾದ ಕಲೆ. ನಾನು ಅದನ್ನೆಲ್ಲ ನೋಡುತ್ತಿರುವುದನ್ನು ಅವಳೂ ನೋಡಿದಳು. ನನಗೆ ನಾಚಿಕೆಯಾಯಿತು, ಅವಳ ಬಗ್ಗೆ ಅಲ್ಲ.

ಅವಳು ಪಾಠ ಶುರುಮಾಡಿದಳು. ಬೇರೆ ದಾರಿ ಗೊತ್ತಿಲ್ಲವಲ್ಲ! ಕೆಲಸ ಮುಗಿದ ಮೇಲೆ ಜಾಗಕ್ಕೆ ಸೊನ್ನೆ ತುಂಬಿ ಸ್ವಚ್ಛ ಮಾಡು ಎಂದು ಬರೆದಿದ್ದರೂ, ಮುಂದೆ ಅದನ್ನು ಯಾರೂ ಓದುವುದಿಲ್ಲ ಎಂದು ಗೊತ್ತಾದರೆ, ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಆ ಸಾಲನ್ನೇ ಕೈಬಿಡಬಹುದಂತೆ. ಸುಮ್ಮನೆ ಯಾಕೆ ದುಡಿಮೆ ಎಂದು! ಹೊರಗಿನವರಿಗೆ ಏನೂ ತಿಳಿಯುವುದಿಲ್ಲ. ಪ್ರೋಗ್ರಾಮ್ ಎಂದಿನಂತೆ ಓಡುತ್ತದೆ. ಆಮೇಲೆ ಪೊಟ್ಟಣದ ಬಾಯಿ ಮಡಚುತ್ತ ಮೆಲ್ಲಗೆ ಹೇಳಿದಳು: “ನಂದೂ ಹಂಗ ಆಗೇತಿ ನೋಡವಾ. ಯಾರೂ ನೋಡಂಗಿಲ್ಲಲ್ಲ.”

“ಅದಕ್ಕ ಉಪಾಯ ಇಲ್ಲೇನು ಮೌಶಿ?” ಎಂದೆ.

“ಐತಿ. ಈ ಜಾಗಾ ಯಾರರ ಯಾವಾಗರ ನೋಡಬಹುದು ಅಂತ ಬರದಿಟ್ರ, ಕಂಪೈಲರ್ ಆ ಸಾಲು ಬಿಡಂಗಿಲ್ಲ.”

ಈಗ ನಾನು ಖಾನಾಪುರದಿಂದ ಬಸ್ಸು ಹತ್ತಿ, ಒಂದು ವಾರ ಮಂಗಳವಾರ, ಇನ್ನೊಂದು ವಾರ ಶನಿವಾರ, ಮನಸ್ಸು ಬಂದ ಹಾಗೆ ಹೋಗುತ್ತೇನೆ. ಮೊನ್ನೆ ಬೆಳಿಗ್ಗೆ ಹನ್ನೊಂದಕ್ಕೇ ಹೋದೆ. ಮೌಶಿ ತಲೆ ಬಾಚಿಕೊಂಡಿದ್ದಳು. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಹೊರಡುವಾಗ ಗೇಟಿನ ತನಕ ಬಂದು, ಇನ್ನು ಯಾವಾಗ ಬರುತ್ತೀ ಎಂದು ಕೇಳಿದಳು. ಹೇಳುವುದಿಲ್ಲ ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. “ಹೇಳಬ್ಯಾಡವಾ,” ಎಂದಳು. “ಆದ್ರ ಬರೂದು ಬಿಡಬ್ಯಾಡ.”