ತಲೆ ಮುಟ್ಟಿದರೆ ಮೊದಲಿನಿಂದ

"ನಿನಗೋಸ್ಕರ ಕಟ್ಟಿದ ಈ ಹಾಡನ್ನ ಒಂದಿನ ರೇಡಿಯೋದಲ್ಲಿ ಮೊದಲಿಂದ ಕೊನೇವರೆಗೂ ನುಡಿಸ್ತೀನಿ," ಎಂದು ವಿಲ್ಫ್ರೆಡ್ ಮದುವೆಯ ದಿನ ಎಡ್ನಾಗೆ ಮಾತು ಕೊಟ್ಟಿದ್ದ. ಆಗ ಅವನಿಗೆ ತಲೆತುಂಬ ಕೂದಲಿತ್ತು.

ಕೂದಲೆಲ್ಲ ಉದುರಿದ ಮೇಲೆ ಆ ದಿನ ಬಂತು. ಇಂಗ್ಲೆಂಡಿನ ಕಡಲೂರು ಬ್ಲ್ಯಾಕ್‌ಪೂಲಿನ ನೃತ್ಯಮಂದಿರದಿಂದ ಅವನ ವಾದ್ಯಮೇಳದ ನೇರ ಪ್ರಸಾರ, ಕಾಲು ಗಂಟೆ. ಚೆನ್ನಾಗಾದರೆ ಚಳಿಗಾಲವಿಡೀ ಕೆಲಸ. ಕೆಟ್ಟರೆ ಮಾವನ ಮೀನಿನಂಗಡಿಯಲ್ಲಿ ದುಡಿತ. ಕಹಳೆ, ಸ್ಯಾಕ್ಸೊಫೋನುಗಳಿಗೆಲ್ಲ ಹಂಚಿ ಬರೆದ ಆ ಹಾಡಿನ ಕೊನೆಯ ಸಾಲೊಂದನ್ನೇ ಅವನು ವರ್ಷಗಟ್ಟಲೆ ತಿದ್ದಿದ್ದ.

"ಈ ಬೋಳುತಲೆ ಹೊತ್ಕೊಂಡು ನನ್ನ ವೇದಿಕೆ ಹತ್ತಬೇಡಿ. ದೀಪ ಹಾಕಿದ್ರೆ ಜನಕ್ಕೆ ಕಣ್ಣು ಕುಕ್ಕುತ್ತೆ," ಎಂದು ನೃತ್ಯಮಂದಿರದ ಮ್ಯಾನೇಜರ್ ಆರ್ಮರಾಡ್ ಒಂದು ವಿಗ್ಗು ತಂದು ಅವನ ತಲೆಗೆ ಕೂರಿಸಿದರು. ಅದು ಮಡಕೆಯ ಮೇಲೆ ಮಲಗಿದ ಬೆಕ್ಕಿನಂತೆ, ಯಾವಾಗ ಬೇಕಾದರೂ ಎದ್ದು ಹೋಗುವ ಹಾಗಿತ್ತು.

ನುಡಿಸುವಾಗ ಮೇಳದಲ್ಲಿ ಬಾಯಿಮಾತಿಲ್ಲ, ಕೈಸನ್ನೆಯೇ. ನಾಯಕ ಮುಷ್ಟಿ ಎತ್ತಿದರೆ ಮುಕ್ತಾಯ. ತಲೆ ಮುಟ್ಟಿಕೊಂಡರೆ ಮತ್ತೆ ಮೊದಲಿನಿಂದ. ಸನ್ನೆ ತಪ್ಪಿದವರನ್ನು ವಿಲ್ಫ್ರೆಡ್ ಆ ವಾರವೇ ಮನೆಗೆ ಕಳಿಸುತ್ತಿದ್ದ.

ಪ್ರಸಾರದ ಕೆಂಪು ದೀಪ ಹತ್ತಿತು. ಎಡ್ನಾಳ ಹಾಡು ಬೆಣ್ಣೆಯಂತೆ ಜಾರಿತು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ವಿಗ್ಗೂ ಜಾರಿತು. ವಿಲ್ಫ್ರೆಡ್ ಥಟ್ಟನೆ ಕೈಯಿಟ್ಟು ತಡೆದ.

ಮೇಳ ಮೊದಲಿನಿಂದ ಶುರುಮಾಡಿತು.

ವಿಲ್ಫ್ರೆಡ್ ದಂಗಾದ. "ಏನ್ರಯ್ಯಾ ಇದು?" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ.

"ನೀವ್ ಹೇಳಿದ್ದೇ, ಮೇಷ್ಟ್ರೇ!" ಟ್ರೊಂಬೋನಿನಿಂದ ತುಟಿ ತೆಗೆದು ಕ್ಲೆಗ್ ಅಂದ.

ಬೆವರಿಗೆ ವಿಗ್ಗು ಇನ್ನೂ ಸಡಿಲವಾಯಿತು. ಮತ್ತೆ ಕೈ. ಮತ್ತೆ ಮೊದಲು. ಮೂರನೇ ಸಲವೂ ಅದೇ ಕತೆ. ಕುಣಿಯುವ ಜೋಡಿಗಳು ಗಾಣಕ್ಕೆ ಕಟ್ಟಿದ ಎತ್ತುಗಳಂತೆ ಸುತ್ತಿದವು.

ಮುಂದಿನ ಸಾಲಿನ ಕುರ್ಚಿಯಲ್ಲಿ ಎಡ್ನಾಳ ಪಕ್ಕ ಕೂತಿದ್ದ ನೆರೆಮನೆಯ ಮಿಸೆಸ್ ಹಿಂಡ್ಲ್ ಬಾಗಿ ಕೇಳಿದಳು: "ಅಲ್ವೇ ಎಡ್ನಾ, ನಿಮ್ಮೆಜಮಾನ್ರಿಗೆ ಮುಗಿಸೋಕೇ ಬರಲ್ವೇನೇ?"

"ಮನೇಲಿ ಮಾತೂ ಹಾಗೇ," ಎಂದಳು ಎಡ್ನಾ. ಕೈಗವಸನ್ನು ಮಾತ್ರ ಹಿಂಡುತ್ತಲೇ ಇದ್ದಳು.

ನಾಲ್ಕನೇ ಸಲ ತಲೆಗೆ ಹೊರಟ ಕೈ ಅರ್ಧದಲ್ಲೇ ನಿಂತಿತು. ವಿಲ್ಫ್ರೆಡ್‌ಗೆ ಹೊಳೆಯಿತು! ವಿಗ್ಗು ಹಾಳಾಗಿ ಹೋಗಲಿ ಎಂದು ಮುಷ್ಟಿ ಎತ್ತಿದ. ಬೆಕ್ಕು ನೆಲಕ್ಕೆ ಹಾರಿತು. ಮಿಸೆಸ್ ಹಿಂಡ್ಲ್ ಕಿಟಾರನೆ ಕಿರುಚಿದಳು. ಮೇಳ ಕೊನೆಯ ಸಾಲಿಗೆ ಉಸಿರೆಳೆದುಕೊಂಡಿತು.

ಕೆಂಪು ದೀಪ ಆರಿತು. ಕಾಲು ಗಂಟೆ ಮುಗಿದಿತ್ತು.

ಬಾರಿನ ಕಡೆಯಿಂದ ಆರ್ಮರಾಡ್ ಓಡಿಬಂದರು. ವಿಲ್ಫ್ರೆಡ್‌ನ ಮೂಗಿಗೆ ಆಗಲೇ ಮೀನು ನಾರಿತು.

"ಭೇಷ್ ಕಣ್ರೀ! ಕುಣಿದು ಕುಣಿದು ಗಂಟಲೊಣಗಿ ಜನ ಬಾರಿಗೆ ನುಗ್ಗಿದಾರೆ, ಬಿಯರ್ ಪೀಪಾಯಿಗಳೆಲ್ಲ ಖಾಲಿ! ಚಳಿಗಾಲವಿಡೀ ನೀವೇ. ವಾರವಾರ ರೇಡಿಯೋನೂ ನಿಮ್ದೇ."

"ಹಾಗಾದ್ರೆ... ಎಡ್ನಾ ಹಾಡು?"

"ಅದೇ ಹಾಡು. ಅದೇ ವಿಗ್ಗು. ಮುಗಿಸಿದ್ರೆ ಮಾತ್ರ ಕೆಲಸ ಹೋಯ್ತು ಅಂದ್ಕೊಳಿ."

ವಿಲ್ಫ್ರೆಡ್ ಹೆಂಡತಿಯ ಮುಖ ನೋಡಿದ.

"ಒಪ್ಕೊಳ್ರೀ," ಎಂದಳು ಎಡ್ನಾ. "ಅಪ್ಪನ ಅಂಗಡಿ ನಂಗೊತ್ತು."

ಅವನು ಬಗ್ಗಿ ವಿಗ್ಗನ್ನು ಎತ್ತಿಕೊಂಡ. ಕೊಟ್ಟ ಮಾತು ಮುರಿಯಿತು.